ನಲ್ಲಿ ಮೇಷ್ಟ್ರು ಮತ್ತು ಅತ್ತೆಯ ಮೂಗು

ನಮ್ಮ ಭಾವ ಯಾರ ಮನೆಗೆ ಹೋದರೂ ಮೊದಲು ನೋಡುವುದು ಮನುಷ್ಯರನ್ನಲ್ಲ, ನಲ್ಲಿಯನ್ನು. ಅಕ್ಕ ಅವರನ್ನು ಮೊದಲ ಸಲ ನಮ್ಮ ಮನೆಗೆ ಕರೆದುಕೊಂಡು ಬಂದ ದಿನವೂ ಹಾಗೇ ಆಯಿತು. ಕುರ್ಚಿಯ ಅಂಚಿನಲ್ಲಿ ಕೂತು, ಅಮ್ಮ ಕೇಳಿದ್ದಕ್ಕೆಲ್ಲ ಹೂಂ ಹೂಂ ಎನ್ನುತ್ತಾ, ಕಿವಿಯನ್ನು ಮಾತ್ರ ಅಡುಗೆಮನೆಯ ಕಡೆ ಇಟ್ಟಿದ್ದರು. ಕೊನೆಗೆ ತಡೆಯಲಾರದೆ ಎದ್ದು ಹೋಗಿ ಸಿಂಕಿನ ಕೆಳಗೆ ತಲೆ ತೂರಿಸಿದರು. ಮೂರು ವರ್ಷದಿಂದ ತೊಟ್ಟಿಕ್ಕುತ್ತಿದ್ದ ನಲ್ಲಿಯ ಬಾಯಿ ಹತ್ತೇ ನಿಮಿಷದಲ್ಲಿ ಬಂದ್ ಆಯಿತು. ಅಮ್ಮ ನಿಂತ ನಿಲುವಿನಲ್ಲೇ ಮದುವೆಗೆ ಒಪ್ಪಿಬಿಟ್ಟರು. ಅಕ್ಕನ ಅಭಿಪ್ರಾಯ ಕೇಳಿದ್ದು ಆಮೇಲೆ.

ಆವತ್ತು ನನ್ನನ್ನೂ ಒಂದು ಕೆಲಸಕ್ಕೆ ಹಚ್ಚಿದರು. ಆಗ ನನಗೆ ಹದಿನೇಳು ವರ್ಷ. ಒಂದು ತುಂಡು ನ್ಯೂಸ್‌ಪೇಪರು ಕೈಗೆ ಕೊಟ್ಟು, "ಪೈಪಿನ ಸುತ್ತ ಒಂದ್ಸಲ ಒತ್ತಿ ನೋಡು. ಒದ್ದೆ ಆಯ್ತಾ ಹೇಳು" ಎಂದರು.

"ನೀವೇ ನೋಡಿ. ನೀವೇ ತಾನೆ ಬಿಗಿ ಮಾಡಿದ್ದು."

"ಅದಕ್ಕೇ ನನ್ನ ಕಣ್ಣು ಬೇಡ ಅಂದಿದ್ದು. ಸರಿಯಾಗಿದೆ ಅಂತ ನಾನಾಗಲೇ ನಂಬಿ ಆಗಿದೆ. ನೀನು ಸುಮ್ನೆ ಕೂತಿದ್ದೆಯಲ್ಲ, ನೀನು ನೋಡು."

ಸುಮ್ಮನೆ ಕೂತಿದ್ದೆ ಎಂದದ್ದಕ್ಕೆ ನನಗೆ ಮೈಯೆಲ್ಲ ಉರಿಯಿತು. ಪೇಪರು ಮಾತ್ರ ಒದ್ದೆಯಾಗಲಿಲ್ಲ. ಅಂದಿನಿಂದ ಇಂದಿನವರೆಗೂ ಭಾವ ಯಾವ ಮನೆಯ ನಲ್ಲಿ ಕೆಲಸ ಮುಗಿಸಿದರೂ ಕೊನೆಯಲ್ಲಿ ಆ ಮನೆಯ ಯಾರಾದರೊಬ್ಬರ ಕೈಗೆ ಒಣ ಕಾಗದ ಕೊಟ್ಟೇ ಕೊಡುತ್ತಾರೆ. ಮನೆಯವರು ನಗುತ್ತಾರೆ, ಭಾವ ನಗುವುದಿಲ್ಲ.

ಇಂಥ ಮನುಷ್ಯ ಬಂಡೆ ಹತ್ತಲು ಶುರುಮಾಡಿದ್ದು ನಲವತ್ತನಾಲ್ಕನೇ ವಯಸ್ಸಿನಲ್ಲಿ, ಅದೂ ಒಂದು ಜಗಳದಿಂದ. ನಮ್ಮ ಊರು ಮುಗಿಯುವಲ್ಲಿ ಸಮುದ್ರಕ್ಕೆ ಮುಖ ಮಾಡಿ ನಿಂತ ಕಡಿದಾದ ಬಂಡೆಗಳಿವೆ. ಅದರ ನೆತ್ತಿಯ ಮೇಲೆ ಒಂದು ಚಿಕ್ಕ ವಸತಿಗೃಹ. ಅಲ್ಲಿ ಪೈಪು ಒಡೆದಿದೆ ಎಂದು ಭಾವ ಹೋಗಿದ್ದರು. ಕೆಲಸ ಮುಗಿಸಿ ಅಂಚಿಗೆ ಬಂದು ಬಗ್ಗಿ ನೋಡಿದರೆ, ಕೆಳಗೆ ನಾಲ್ಕೈದು ಜನ ಹುಡುಗ ಹುಡುಗಿಯರು ಹಗ್ಗ ಕಟ್ಟಿಕೊಂಡು ಬಂಡೆ ಹತ್ತುತ್ತಿದ್ದರು. ಬಂಡೆಗೆ ಅಲ್ಲಲ್ಲಿ ಬೋಲ್ಟು ಹೊಡೆದಿತ್ತು. ಹತ್ತುವವರು ಒಂದೊಂದು ಬೋಲ್ಟಿಗೂ ಕೊಂಡಿ ಸಿಕ್ಕಿಸಿ, ಅದರೊಳಗೆ ತಮ್ಮ ಹಗ್ಗ ಹಾಯಿಸುತ್ತಾ ಮೇಲೆ ಬರುತ್ತಿದ್ದರು. ಕೈ ಜಾರಿದರೆ ಹಿಡಿಯುವುದು ಆ ಬೋಲ್ಟೇ.

ಬೇರೆ ಯಾರಾದರೂ ಆಗಿದ್ದರೆ ಕಡಲು ನೋಡುತ್ತಿದ್ದರು, ಹುಡುಗರನ್ನು ನೋಡುತ್ತಿದ್ದರು. ಭಾವ ನೋಡಿದ್ದು ಬೋಲ್ಟಿನ ಕೆಳಗೆ ಬಂಡೆಯ ಮೇಲೆ ಇಳಿದಿದ್ದ ಕಂದು ಕಲೆಯನ್ನು. ಸುತ್ತು ಹಾಕಿ ಕೆಳಗಿಳಿದು ಹೋಗಿ, "ಇದು ಒಳಗೆ ತುಕ್ಕು ಹಿಡಿದಿದೆ. ಹತ್ತಬೇಡಿ" ಎಂದರು. ಅವರು, "ಅಂಕಲ್, ಹೊರಗೆ ಫಳಫಳ ಅಂತಿದೆ ನೋಡಿ" ಎಂದು ನಕ್ಕರು. ಭಾವನಿಗೆ ಸಿಟ್ಟು ಬಂದರೆ ಬಾಯಿ ಮುಚ್ಚಿಹೋಗುತ್ತದೆ, ಕೈ ತೆರೆದುಕೊಳ್ಳುತ್ತದೆ. ಚೀಲದಿಂದ ಪೈಪು ತಿರುಗಿಸುವ ಪಾನಾ ತೆಗೆದು ಕೆಳಗಿನ ಬೋಲ್ಟಿಗೆ ಹಾಕಿ ಒಂದು ತಿರುವು ಕೊಟ್ಟರು. ಅದು ರಸ್ಕಿನ ಹಾಗೆ ಮುರಿದು ಕೈಗೆ ಬಂತು. ನಗು ಅಲ್ಲಿಗೇ ನಿಂತಿತು.

ಉಪ್ಪುಗಾಳಿಗೆ ಯಾವ ಲೋಹ ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಎಂದು ಇಪ್ಪತ್ತು ವರ್ಷ ಪೈಪಿನ ಜೊತೆ ಏಗಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹುಡುಗರೇ ಚಂದಾ ಎತ್ತಿ ತುಕ್ಕು ಹಿಡಿಯದ ಟೈಟಾನಿಯಂ ಬೋಲ್ಟು ತರಿಸಿದರು. ಭಾವ ಹಗ್ಗದಲ್ಲಿ ತೂಗಿಕೊಂಡು ಹಳೆಯದನ್ನು ಒಂದೊಂದಾಗಿ ಕಿತ್ತು, ಹೊಸ ತೂತು ಕೊರೆದು, ಅಂಟು ತುಂಬಿ ಹೊಸದನ್ನು ಕೂರಿಸಿದರು. ಕೂರಿಸುತ್ತಾ ಕೂರಿಸುತ್ತಾ ಹತ್ತುವ ಹುಚ್ಚೂ ಹಿಡಿಯಿತು. ಹುಡುಗರು ಅವರಿಗೆ ನಲ್ಲಿ ಮೇಷ್ಟ್ರು ಎಂದು ಹೆಸರಿಟ್ಟರು.

ಅಕ್ಕನೂ ಜೊತೆಗೆ ಹೋಗತೊಡಗಿದಳು. ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗುವುದು ಅವಳ ಕೆಲಸ. ಬಂಡೆಯ ಬುಡದಲ್ಲಿ ನಿಂತು ಗಂಡನ ಹಗ್ಗ ಹಿಡಿಯುವುದು ಭಾನುವಾರದ ಕೆಲಸ. ಹಗ್ಗ ಹಿಡಿಯುವವರು ಸ್ವಲ್ಪ ಭಾರ ಇದ್ದರೆ ಒಳ್ಳೆಯದಂತೆ, ಮೇಲಿನವರು ಬಿದ್ದಾಗ ಕೆಳಗಿನವರು ಗಾಳಿಗೆ ಏಳುವುದಿಲ್ಲ. ಅಕ್ಕ ಭಾವನಿಗಿಂತ ಹನ್ನೆರಡು ಕಿಲೋ ಹೆಚ್ಚು. ಹೆಂಡತಿಯ ತೂಕವನ್ನು ನಾಲ್ಕು ಜನರ ಎದುರು ಹೊಗಳಿಯೂ ಊಟ ಗಿಟ್ಟಿಸಿಕೊಂಡ ಗಂಡಸು ನಮ್ಮ ಭಾವನೊಬ್ಬರೇ ಇರಬೇಕು.

ಇನ್ನು ನಾನು. ನನಗೆ ಸ್ಟೂಲಿನ ಮೇಲೆ ನಿಂತರೂ ತಲೆ ಸುತ್ತುತ್ತದೆ. ಕನ್ನಡಕದಂಗಡಿಯಲ್ಲಿ ದಿನವಿಡೀ ಅಕ್ಷರದ ಹಲಗೆ ತೋರಿಸಿ, "ಇದು ಕಾಣುತ್ತಾ, ಇದು ಕಾಣುತ್ತಾ" ಎನ್ನುವವಳು. ಭಾವ ನನ್ನನ್ನು ಕರೆಯುವುದೇ ಕನ್ನಡಕ ಎಂದು. ಭಾನುವಾರ ಮನೆಯಲ್ಲಿ ಹಾಯಾಗಿ ಮಲಗಿರುತ್ತಿದ್ದವಳನ್ನು ಎಬ್ಬಿಸಿ ಕರೆದುಕೊಂಡು ಹೋಗಲು ಶುರುಮಾಡಿ ಎಂಟು ವರ್ಷವಾಯಿತು. ನನಗೆ ಎರಡು ಕೆಲಸ. ಒಂದು, ಗಡಿಯಾರ ನೋಡುವುದು. ಕಡಲಿನ ಭರತ ಏರಿದರೆ ಬಂಡೆಯ ಬುಡ ನೀರಿನಡಿ ಹೋಗುತ್ತದೆ, ಅದಕ್ಕೆ ಅರ್ಧ ಗಂಟೆ ಮೊದಲೇ ಎಲ್ಲರನ್ನೂ ಎಬ್ಬಿಸಿ ಹೊರಡಿಸಬೇಕು. ಇನ್ನೊಂದು, ಅದೇ ಹಳೆಯ ಒಣ ಕಾಗದದ ಕೆಲಸ. ಹತ್ತುವವರು ತಮ್ಮ ಗಂಟು ಕಟ್ಟಿ, ಹಗ್ಗ ಹಿಡಿಯುವವರು ಅದನ್ನು ನೋಡಿ ಸರಿ ಅಂದಮೇಲೂ, ಸುಮ್ಮನೆ ಕೂತ ಮೂರನೆಯವರೊಬ್ಬರು ಎದ್ದು ಬಂದು ನೋಡಬೇಕು. ಎಂಟರ ಆಕಾರದ ಗಂಟು, ಅದರ ಗೆರೆಯನ್ನೇ ಹಿಡಿದು ಹಗ್ಗದ ತುದಿ ಪೂರ್ತಿ ವಾಪಸು ಬಂದಿರಬೇಕು. ಸೊಂಟಕ್ಕೂ ತೊಡೆಗೂ ಬಿಗಿದ ಪಟ್ಟಿಯ ಬಕಲ್ಲು, ಹಗ್ಗ ಹಿಡಿಯುವವರ ಸೊಂಟದಲ್ಲಿ ಹಗ್ಗ ತಡೆಯುವ ಬ್ರೇಕು, ಹಗ್ಗದ ಇನ್ನೊಂದು ತುದಿಯ ಗಂಟು, ತಲೆಯ ಹೆಲ್ಮೆಟ್ಟು. ಎಂಟು ವರ್ಷದಲ್ಲಿ ನಾನು ಎಷ್ಟು ಸಾವಿರ ಗಂಟು ನೋಡಿದ್ದೇನೋ ಲೆಕ್ಕವಿಲ್ಲ. ಒಂದೂ ತಪ್ಪಿರಲಿಲ್ಲ. ಇದೊಂದು ಬರೀ ನಾಟಕ ಎಂದು ನಾನು ಗೊಣಗುತ್ತಿದ್ದೆ. ಭಾವ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಅವರ ಕಟ್ಟಳೆಗಳು ಅಷ್ಟಕ್ಕೇ ಮುಗಿಯುವುದಿಲ್ಲ. ಬಂಡೆಯ ಬಳಿ ಹಾಡು ಹಾಕುವಂತಿಲ್ಲ, ಕಿರುಚುವಂತಿಲ್ಲ. ಕಾಲುದಾರಿ ಬಿಟ್ಟು ಹುಲ್ಲು ತುಳಿಯುವಂತಿಲ್ಲ. ಕೆಳಗೆ ಗಾಳ ಹಾಕಿ ಕೂತವರಿದ್ದರೆ ಅವರ ತಲೆಯ ಮೇಲಿನ ದಾರಿ ಹತ್ತುವಂತಿಲ್ಲ, ಅವರಾಗಿಯೇ ಎದ್ದು ಹೋಗುವವರೆಗೆ ಕಾಯಬೇಕು. ಕೈ ಬೆವರದಂತೆ ಹಚ್ಚಿಕೊಳ್ಳುವ ಬಿಳಿ ಪುಡಿಯ ಗುರುತನ್ನು ಇಳಿಯುವಾಗ ಟೂತ್‌ಬ್ರಶ್ಶಿನಿಂದ ಉಜ್ಜಿ ತೆಗೆಯಬೇಕು. ನಮ್ಮ ಮನೆಗಳಲ್ಲಿ ಹಳೆಯ ಟೂತ್‌ಬ್ರಶ್ಶು ಅನ್ನುವ ವಸ್ತುವೇ ಉಳಿದಿಲ್ಲ. ಒಮ್ಮೆ ಅಮ್ಮನ ಹೊಸದೂ ಮಾಯವಾಗಿತ್ತು.

ಅಮ್ಮನ ಮಾತು ಬಂತಲ್ಲ, ಮೂಗಿನ ಕಥೆ ಹೇಳಿಬಿಡುತ್ತೇನೆ. ಬಂಡೆಯ ಪೂರ್ವದ ತುದಿಯಲ್ಲಿ ಮೇಲ್ಗಡೆ ಒಂದು ಕಡೆ ಕಲ್ಲು ಗತ್ತಿನಿಂದ ಮುಂದಕ್ಕೆ ಚಾಚಿಕೊಂಡಿದೆ. ಅದರ ಕೆಳಗಿನಿಂದ ಹೊರಟು, ಚಾಚಿದ ಕಲ್ಲನ್ನು ದಾಟಿ ಮೇಲೆ ಹೋಗುವ ದಾರಿಗೆ ಬೋಲ್ಟು ಹೊಡೆದವರು ಭಾವ. ಬೋಲ್ಟು ಹೊಡೆದವರಿಗೆ ಹೆಸರಿಡುವ ಹಕ್ಕಂತೆ. ಅವರು ಇಟ್ಟ ಹೆಸರು ಅತ್ತೆ ಮೂಗು. ನಾನು ಒಂದು ವಾರ ಅವರ ಹತ್ತಿರ ಮಾತು ಬಿಟ್ಟೆ. ಅಮ್ಮನಿಗೆ ಮಾತ್ರ ಎಲ್ಲಿಲ್ಲದ ಹೆಮ್ಮೆ. ಮನೆಗೆ ಯಾರು ಬಂದರೂ, "ನನ್ನ ಹೆಸರಲ್ಲಿ ಒಂದು ಬಂಡೆ ಇದೆ" ಎಂದು ಶುರುಮಾಡುತ್ತಿದ್ದರು.

ಕಷ್ಟ ಏನೆಂದರೆ, ತಾವೇ ಹೆಸರಿಟ್ಟ ಆ ದಾರಿಯನ್ನು ಭಾವನಿಗೆ ಹತ್ತಲಾಗಿರಲಿಲ್ಲ. ಆರು ವರ್ಷದ ಪ್ರಯತ್ನ. ಮೂಗಿನ ತುದಿಯವರೆಗೆ ಹೋಗುತ್ತಿದ್ದರು, ಅಲ್ಲಿ ಕೈ ಬಿಟ್ಟು ಹಗ್ಗದಲ್ಲಿ ಜೋತು ಬೀಳುತ್ತಿದ್ದರು. ಹಗ್ಗಕ್ಕೆ ಒಂದು ಸಲವೂ ಭಾರ ಬಿಡದೆ ತುದಿ ಮುಟ್ಟಿದರೆ ಮಾತ್ರ ಹತ್ತಿದ ಹಾಗೆ. ಪ್ರತಿ ಭಾನುವಾರ ಸಂಜೆ ಅಮ್ಮ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು: "ಏನು ಅಳಿಯಂದಿರೇ, ಇವತ್ತಾದ್ರೂ ನನ್ನ ಮೂಗು ದಾಟಿದ್ರಾ?"

"ಇಲ್ಲ ಅತ್ತೆ. ನಿಮ್ಮ ಮೂಗು ಬಹಳ ಉದ್ದ."

ಈ ವರ್ಷ ಭಾವನಿಗೆ ಐವತ್ತೆಂಟು. ಬಲ ಭುಜದ ನೋವು ಮಿತಿ ಮೀರಿ ವೈದ್ಯರಲ್ಲಿಗೆ ಹೋದಾಗ ಅವರು ಆಪರೇಷನ್ನಿಗೆ ದಿನ ಕೊಟ್ಟರು, ಏಳು ವಾರದ ಆಚೆ. "ಆಮೇಲೆ ಈ ಕೈಯಲ್ಲಿ ತಲೆ ಬಾಚ್ಕೋಬಹುದು. ಬಂಡೆ ಮರೆತುಬಿಡಿ" ಎಂದರು. ಅಲ್ಲಿಯವರೆಗೆ ಹತ್ತಬಹುದೇ ಎಂದು ಭಾವ ಕೇಳಿದರು. "ಹಾಳಾಗೋದಕ್ಕೆ ಅಲ್ಲಿ ಇನ್ನೇನೂ ಉಳಿದಿಲ್ಲ, ಹತ್ತಿ" ಎಂದರಂತೆ ವೈದ್ಯರು. ಭಾವ ಇದನ್ನು ಶುಭಸಮಾಚಾರದಂತೆ ಬಂದು ಹೇಳಿದರು. ಏಳು ವಾರ, ಏಳು ಭಾನುವಾರ. ಅಷ್ಟರಲ್ಲಿ ಅತ್ತೆ ಮೂಗು ದಾಟಬೇಕು, ಇಲ್ಲದಿದ್ದರೆ ಇನ್ನೆಂದೂ ಇಲ್ಲ.

ಮೊದಲನೇ ಭಾನುವಾರ ಬೋಲ್ಟುಗಳನ್ನು ಒಮ್ಮೆ ನೋಡಿಕೊಂಡು ಬರುತ್ತೇನೆಂದು ಮೇಲಿನಿಂದ ಹಗ್ಗ ಹಾಕಿ ಇಳಿದರು. ಮೂಗಿನ ಕೆಳಗಿನ ಬಿಲದಿಂದ ಗಿಡುಗವೊಂದು ಹೊರಗೆ ನುಗ್ಗಿ ಅವರ ತಲೆಯ ಸುತ್ತ ಕಿರುಚುತ್ತಾ ಹಾರಿತು. ಭಾವ ಉಸಿರು ಬಿಗಿಹಿಡಿದು ಸರಸರ ಕೆಳಗಿಳಿದು ಬಂದರು. ಬಂದವರು ಚೀಲ ಬಿಚ್ಚಿ ಕೆಂಪು ಬಟ್ಟೆಯ ತುಂಡೊಂದನ್ನು ಹುಡುಕತೊಡಗಿದರು. ಅದರ ಅರ್ಥ ನಮಗಿಬ್ಬರಿಗೂ ಗೊತ್ತಿತ್ತು. ಗೂಡು ಕಟ್ಟಿದ ದಾರಿಯ ಮೊದಲ ಬೋಲ್ಟಿಗೆ ಕೆಂಪು ಬಟ್ಟೆ ಕಟ್ಟುತ್ತಾರೆ. ಮರಿಗಳೆಲ್ಲ ಹಾರಿಹೋಗುವವರೆಗೆ ಯಾರೂ ಅದನ್ನು ಹತ್ತುವುದಿಲ್ಲ. ಈ ಕಟ್ಟಳೆಯೂ ಭಾವನದೇ.

"ಎಷ್ಟಿವೆ?" ಅಕ್ಕ ಕೇಳಿದಳು.

"ಮೂರು. ಈಗಷ್ಟೇ ಮೊಟ್ಟೆ ಒಡೆದು ಬಂದಿವೆ. ಹಾರೋಕೆ ಆರು ವಾರ ಬೇಕು ಕಣೇ."

ಆರು ವರ್ಷ ಆ ಮನುಷ್ಯ ಜೋತು ಬೀಳುವುದನ್ನು ನೋಡಿದವಳು ನಾನು. "ಭಾವ, ಗೂಡು ನೀವೊಬ್ರೇ ನೋಡಿರೋದು. ಇವತ್ತು ಒಂದ್ಸಲ, ಮುಂದಿನ ವಾರ ಒಂದ್ಸಲ ಹತ್ತಿಬಿಡಿ. ಆಮೇಲೆ ಬಟ್ಟೆ ಕಟ್ಟಿ. ಯಾರಿಗೆ ಗೊತ್ತಾಗುತ್ತೆ?" ಎಂದೆ.

"ಹಕ್ಕಿಗೆ ಗೊತ್ತಾಯ್ತಲ್ಲ."

"ಅದು ಹೋಗಿ ಯಾರಿಗೆ ಹೇಳುತ್ತೆ?"

"ಯಾರಿಗೂ ಹೇಳಲ್ಲ. ಹೆದರಿ ಗೂಡು ಬಿಟ್ಟು ಎದ್ದುಹೋಗುತ್ತೆ. ಈ ಗಾಳೀಲಿ ಮರಿ ತಣ್ಣಗಾಗೋಕೆ ಎಷ್ಟು ಹೊತ್ತು ಬೇಕು?" ಎಂದು ಬಟ್ಟೆಯ ಗಂಟು ಬಿಗಿದರು. ಬಿಗಿಯುವಾಗ ಅವರ ಮುಖ ನೋಡಲು ನನ್ನಿಂದಾಗಲಿಲ್ಲ.

ಆಮೇಲಿನ ಭಾನುವಾರಗಳಲ್ಲಿ ಭಾವ ಬೇರೆ ದಾರಿಗಳನ್ನು ಹತ್ತಿದರು. ಮುಗಿಸಿಕೊಂಡು ಎದುರಿನ ದಿಬ್ಬದ ಮೇಲೆ ಕೂತು, ನಮ್ಮ ಅಂಗಡಿಯ ದುರ್ಬೀನಿನಲ್ಲಿ ಗೂಡು ನೋಡುತ್ತಿದ್ದರು. ವಾರದ ನಡುವೆಯೂ ಕೆಲಸ ಮುಗಿಸಿ ಸಂಜೆ ಹೋಗಿ ನೋಡಿ ಬರುತ್ತಿದ್ದರು. ಮರಿಗಳಿಗೆ ಗರಿ ಬಂತು. ಅಂಚಿಗೆ ಬಂದು ರೆಕ್ಕೆ ಬಡಿಯತೊಡಗಿದವು. ಆರನೇ ವಾರದ ಕೊನೆಗೆ ಒಂದು ಹಾರಿತು, ಮರುದಿನ ಇನ್ನೊಂದು. ಮೂರನೆಯದು ಮಾತ್ರ ಅಲ್ಲಾಡಲಿಲ್ಲ. ಅಪ್ಪ ಅಮ್ಮ ತಂದುಕೊಟ್ಟದ್ದನ್ನು ತಿಂದು ಬಿಲದ ಬಾಯಲ್ಲಿ ಗುಮ್ಮನಂತೆ ಕೂತಿರುತ್ತಿತ್ತು.

"ನೋಡು, ಥೇಟ್ ನಿನ್ನ ಹಾಗೇ. ಸುಮ್ನೆ ಕೂತಿದೆ" ಎಂದರು ಭಾವ ನನಗೆ.

ಸೋಮವಾರ, ಮಂಗಳವಾರ, ಬುಧವಾರ. ಮರಿ ಕೂತೇ ಇತ್ತು. ಮುಂದಿನ ಮಂಗಳವಾರ ಆಪರೇಷನ್. ನಾನು ಅಂಗಡಿಯಲ್ಲಿ ಗಿರಾಕಿಗಳ ಕಣ್ಣು ಪರೀಕ್ಷೆ ಮಾಡುತ್ತಾ ಮನಸ್ಸಿನಲ್ಲೇ ಆ ಹಕ್ಕಿಗೆ ಬಯ್ಯುತ್ತಿದ್ದೆ. ಅಮ್ಮನಂತೂ ಬಾಯಿಬಿಟ್ಟೇ ಬಯ್ಯುತ್ತಿದ್ದರು. ಗುರುವಾರ ಸಂಜೆ ಭಾವನ ಫೋನು ಬಂತು. ಹಲೋ ಕೂಡ ಅನ್ನದೆ, "ಸೋಮಾರಿ ಹಾರ್ತು ಕಣೇ ಕನ್ನಡಕ" ಎಂದರು. ಶುಕ್ರವಾರ, ಶನಿವಾರ ಎರಡೂ ದಿನ ಹೋಗಿ ನೋಡಿದರು. ಗೂಡಿಗೆ ಯಾವುದೂ ವಾಪಸು ಬರಲಿಲ್ಲ. ಶನಿವಾರ ಸಂಜೆ ಕೆಂಪು ಬಟ್ಟೆ ಬಿಚ್ಚಿದರು.

ಉಳಿದದ್ದು ಒಂದೇ ಭಾನುವಾರ. ಆ ಬೆಳಿಗ್ಗೆ ಬಿಸಿಲು ಹದವಾಗಿತ್ತು, ಗಾಳಿ ಒಣದಾಗಿತ್ತು, ಕಡಲು ದೂರ ಸರಿದಿತ್ತು. ಬಂಡೆಯ ಬುಡಕ್ಕೆ ನೀರು ಬರುವುದು ಹನ್ನೊಂದೂವರೆಗೆ, ಹನ್ನೊಂದಕ್ಕೆ ನಾವು ಹೊರಡಬೇಕು. ನಮಗಿಂತ ಮೊದಲೇ ಏಳೆಂಟು ಹುಡುಗ ಹುಡುಗಿಯರು ಬಂದು, ನೋಡಲೆಂದು ಒಂದು ಬದಿಗೆ ಸಾಲಾಗಿ ಕೂತಿದ್ದರು. ಭಾವ ಹಳೆಯ ನೀಲಿ ಜಾಕೆಟ್ಟು ತೊಟ್ಟು, ಸೊಂಟದ ಪಟ್ಟಿ ಬಿಗಿದು, ಹಗ್ಗದ ತುದಿ ಹಿಡಿದು ಗಂಟು ಕಟ್ಟತೊಡಗಿದರು. ಅಷ್ಟರಲ್ಲಿ ನಮ್ಮ ತಲೆಯ ಮೇಲೆ ಒಂದು ನೆರಳು ಹಾದುಹೋಯಿತು. ಅದೇ ಮರಿ. ಹೊಸ ರೆಕ್ಕೆಯ ಅಂದಾಜು ಸಿಗದೆ ಅಡ್ಡಾದಿಡ್ಡಿ ತೇಲಿಕೊಂಡು ಬಂದು ಪಕ್ಕದ ಕಲ್ಲಿನ ಮೇಲೆ ದೊಪ್ಪೆಂದು ಇಳಿಯಿತು.

"ಅಯ್ಯೋ, ನಮ್ಮ ಸೋಮಾರಿ ಕಣೇ" ಎಂದು ಭಾವ ಕೈ ನಿಲ್ಲಿಸಿ ನೋಡಿದರು. ಅಕ್ಕ ನೋಡಿದಳು. ಎಲ್ಲರೂ ನೋಡಿದರು. ಮರಿ ಒಂದು ನಿಮಿಷ ಕೂತು, ಏನೋ ಜ್ಞಾಪಕವಾದಂತೆ ಎದ್ದು ಕಡಲಿನ ಕಡೆ ಹೋಯಿತು. ಭಾವ ಕಣ್ಣೊರೆಸಿಕೊಂಡರು. ಜಾಕೆಟ್ಟು ಕೆಳಗೆಳೆದುಕೊಂಡು ಬಂಡೆಯ ಕಡೆ ತಿರುಗಿದರು.

"ಗಂಟು?" ಅಕ್ಕ ಕೇಳಿದಳು. ಅವಳ ಕಣ್ಣು ಇನ್ನೂ ಹಕ್ಕಿ ಹೋದ ಕಡೆಗೇ ಇತ್ತು.

"ಸರಿ. ಬ್ರೇಕು?"

"ಸರಿ."

ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದೆ. ನಿಜ ಹೇಳುತ್ತೇನೆ, ಆವತ್ತು ಏಳಬೇಕೆಂದು ನನಗೆ ಅನಿಸಲೇ ಇಲ್ಲ. ಆರು ವರ್ಷ, ಆರು ವಾರ ಕಾದು ಕಡೆಗೂ ಬಂಡೆಯ ಮೇಲೆ ಕೈ ಇಟ್ಟ ಮನುಷ್ಯನನ್ನು ಅಡ್ಡ ಹಾಕಿ ತಡೆಯುವುದೇ ಎನಿಸಿತು. ಆದರೆ ಎಂಟು ವರ್ಷದ ಅಭ್ಯಾಸ, ಕಾಲು ತಾನಾಗಿ ಎದ್ದಿತು. ಹೋಗಿ ಅವರ ಎದುರು ನಿಂತೆ. ಜಾಕೆಟ್ಟಿನ ಅಂಚು ಗಂಟನ್ನು ಮುಚ್ಚಿತ್ತು.

"ಜಾಕೆಟ್ ಎತ್ತಿ ಭಾವ."

"ಆಯ್ತು ಕಣೇ, ಸರಿಯಾಗಿದೆ, ಬಿಡು."

"ಎತ್ತಿ."

ಎತ್ತಿದರು. ಹಗ್ಗದ ತುದಿ ಸೊಂಟದ ಪಟ್ಟಿಯೊಳಗಿಂದ ಹೊರಬಂದು, ಎಂಟರ ಗಂಟಿನೊಳಗೆ ಒಂದೇ ಒಂದು ಸುತ್ತು ಹೋಗಿ ಅಲ್ಲಿಗೇ ನಿಂತಿತ್ತು. ಉಳಿದದ್ದು ಸುಮ್ಮನೆ ಜೋಲಾಡುತ್ತಿತ್ತು. ಹಕ್ಕಿ ಬಂದಾಗ ಎಲ್ಲಿಗೆ ಕೈ ನಿಂತಿತ್ತೋ ಅಲ್ಲಿಗೇ. ಹತ್ತುವಷ್ಟು ಹೊತ್ತು ಅದು ಜೊತೆಗೆ ಬರುತ್ತಿತ್ತು. ಹಗ್ಗದ ಮೇಲೆ ಭಾರ ಬಿಟ್ಟ ಗಳಿಗೆಯಲ್ಲಿ ಜಾರಿ ಬಿಚ್ಚಿಕೊಳ್ಳುತ್ತಿತ್ತು.

"ಭಾವ, ಅರ್ಧ ಇದೆ" ಎಂದೆ.

ಅವರು ತಲೆ ಬಗ್ಗಿಸಿ ನೋಡಿದರು. ಬಹಳ ಹೊತ್ತು ನೋಡಿದರು. ಅಕ್ಕ ಬಂದು ನೋಡಿದವಳೇ ಗಂಡನ ಜಾಕೆಟ್ಟನ್ನು ಮುಷ್ಟಿಯಲ್ಲಿ ಹಿಡಿದು ನಿಂತುಬಿಟ್ಟಳು. "ನಾನು ಸರಿ ಅಂದೆನಲ್ರೀ. ನೋಡದೇನೇ ಕೇಳಿ, ನೋಡದೇನೇ ಒಪ್ಕೊಂಡೆನಲ್ರೀ" ಎಂದಳು. ಅವಳ ಕೈ ಬಿಡಿಸಲು ಭಾವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಭಾವ ಹಗ್ಗ ಪೂರ್ತಿ ಬಿಚ್ಚಿ, ನಾನು ಯಾವಾಗಲೂ ಕೂರುವ ಕಲ್ಲಿನ ಮೇಲೆ ಬಂದು ಕೂತರು. ಅಕ್ಕನೂ ಪಕ್ಕದಲ್ಲಿ ಕೂತಳು. ನಾನು ಇಬ್ಬರಿಗೂ ಚಹಾ ಕೊಟ್ಟೆ. ಗಡಿಯಾರ ಒಂಬತ್ತೂ ನಲವತ್ತು ತೋರಿಸುತ್ತಿತ್ತು. ಇವತ್ತು ಸಾಕು, ಮನೆಗೆ ಹೋಗೋಣ ಎಂದು ಅವರು ಹೇಳುತ್ತಾರೇನೋ ಎಂದು ಕಾಯುತ್ತಿದ್ದೆ. ಹೇಳಲಿ ಎಂದೂ ಅನಿಸುತ್ತಿತ್ತು, ಹೇಳದಿರಲಿ ಎಂದೂ ಅನಿಸುತ್ತಿತ್ತು.

"ಎಷ್ಟು ಹೊತ್ತಿದೆ ಕನ್ನಡಕ?"

"ಒಂದು ಗಂಟೆ ಇಪ್ಪತ್ತು ನಿಮಿಷ."

"ಏನೇ, ಹಿಡೀತೀಯಾ?" ಎಂದು ಅಕ್ಕನನ್ನು ಕೇಳಿದರು. ಅಕ್ಕ ಚಹಾದ ಲೋಟ ಕೆಳಗಿಟ್ಟು ಎದ್ದಳು. "ಜಾಕೆಟ್ ಬಿಚ್ಚಿಟ್ಟು ಬಂದ್ರೆ ಹಿಡೀತೀನಿ" ಎಂದಳು. ಭಾವ ಬಿಚ್ಚಿಟ್ಟರು. ಈ ಸಲ ಗಂಟನ್ನು ಮೊದಲಿನಿಂದ ಕಟ್ಟಿದರು. ಅಕ್ಕ ಬೆರಳಿಟ್ಟು ಗೆರೆ ಗೆರೆ ಎಣಿಸಿದಳು. ನಾನು ಎಣಿಸಿದೆ. ಸಾಲದು ಎಂದು ಹುಡುಗಿಯರಲ್ಲೊಬ್ಬಳನ್ನು ಕರೆದು ಅವಳಿಂದಲೂ ಎಣಿಕೆ ಮಾಡಿಸಿದೆ.

ಆಮೇಲೆ ಭಾವ ಹತ್ತಿದರು. ಮೊದಲನೇ ಬೋಲ್ಟು, ಎರಡನೆಯದು, ಮೂರನೆಯದು. ಅವಸರವಿಲ್ಲ, ಬಲಗೈಯನ್ನು ಆದಷ್ಟು ಕೆಳಗೇ ಇಟ್ಟು ಎಡಗೈಗೆ ದುಡಿಮೆ ಕೊಡುತ್ತಿದ್ದರು. ಖಾಲಿ ಗೂಡಿನ ಪಕ್ಕ ಹೋಗುವಾಗ ಕಾಲನ್ನು ಒಂದು ಗೇಣು ದೂರ ಇಟ್ಟರು. ಮೂಗಿನ ಕೆಳಗೆ ಬಂದು ನಿಂತರು. ಆರು ವರ್ಷ ಕೈ ಕೊಟ್ಟ ಜಾಗ ಅದು. ಎಡಗೈ ಚಾಚಿ ಅಂಚು ಹಿಡಿದರು. ಕಾಲು ಕಳಚಿತು. ಇಡೀ ದೇಹ ಒಂದು ಕೈಯಲ್ಲಿ ತೂಗಾಡಿತು. ಆಗ ಆ ಕೆಟ್ಟ ಬಲಗೈ ಮೇಲೆದ್ದಿತು, ನಿಧಾನ, ತಲೆಯಿಂದಲೂ ಮೇಲೆ, ಅಂಚಿನ ಆಚೆಗೆ. ಮೊಣಕಾಲು ಹೋಯಿತು. ಬೂಟಿನ ಅಡಿ ಕಂಡಿತು, ಅದೂ ಮರೆಯಾಯಿತು. ಅಕ್ಕನ ಕೈಯಿಂದ ಹಗ್ಗ ಮಾತ್ರ ಮೆಲ್ಲಗೆ ಮೇಲೆ ಹೋಗುತ್ತಿತ್ತು.

ಸ್ವಲ್ಪ ಹೊತ್ತಿಗೆ ಮೇಲಿನಿಂದ ತಗ್ಗಿದ ಧ್ವನಿ ಬಂತು. "ಏನೇ, ಭಾರ ಬಿಡ್ತೀನಿ, ಹಿಡ್ಕೋ."

"ಹಿಡಿದಿದ್ದೀನಿ ರೀ, ಬಿಡಿ" ಎಂದಳು ಅಕ್ಕ. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ನಾನೇ ಒರೆಸಿದೆ. ಹುಡುಗರು ಮೇಷ್ಟ್ರ ಕಟ್ಟಳೆಗೆ ಹೆದರಿ ಕೂಗದೆ, ಎರಡೂ ಕೈ ಮೇಲೆತ್ತಿ ಸದ್ದಿಲ್ಲದೆ ಕುಣಿದರು. ಅಷ್ಟು ಮೂಕ ಕುಣಿತವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಭಾವ ಇಳಿಯುತ್ತಾ ಟೂತ್‌ಬ್ರಶ್ಶಿನಿಂದ ಬಿಳಿ ಗುರುತು ಉಜ್ಜಿಕೊಂಡೇ ಬಂದರು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ನಾವೆಲ್ಲ ಹೊರಟೆವು.

ಕಾಲುದಾರಿ ಶುರುವಾಗುವಲ್ಲಿ ಒಂದು ಕಪ್ಪು ಹಲಗೆ ಇದೆ. ಭರತದ ಹೊತ್ತು, ಗೂಡಿನ ಸುದ್ದಿ, ಯಾರು ಯಾವ ದಾರಿ ಮೊದಲ ಸಲ ಹತ್ತಿದರು ಎಲ್ಲವನ್ನೂ ಅದರ ಮೇಲೆ ಬರೆಯುತ್ತಾರೆ. ಹುಡುಗರು ಸೀಮೆಸುಣ್ಣ ಹುಡುಕಿ ತಂದು ಮೇಷ್ಟ್ರ ಕೈಗಿಟ್ಟರು. ಭಾವ ಎಡಗೈಯಲ್ಲಿ ಸೊಟ್ಟಸೊಟ್ಟಗೆ ಬರೆದರು:

"ಇವತ್ತು ನನ್ನ ಗಂಟು ಅರ್ಧ ಇತ್ತು. ನಾದಿನಿ ಎದ್ದು ಬಂದು ನೋಡಿದಳು. ನಿಮ್ಮದನ್ನೂ ಯಾರಿಗಾದರೂ ತೋರಿಸಿ. ನಲ್ಲಿ ಮೇಷ್ಟ್ರು."

"ಮೂಗು ದಾಟಿದ್ದು ಬರೆಯಲ್ವಾ?" ಎಂದೆ.

"ಅದನ್ನ ಅತ್ತೆಗೆ ಹೇಳಿದ್ರೆ ಸಾಕು. ಊರಿಗೆಲ್ಲ ಹಬ್ಬಿಸ್ತಾರೆ."

ಸಂಜೆ ಅಮ್ಮ ಬಾಗಿಲಲ್ಲೇ ನಿಂತಿದ್ದರು. ಕೇಳಲಿಲ್ಲ. ಅಳಿಯನ ಮುಖ ನೋಡಿ ತಮ್ಮ ಮೂಗನ್ನು ಒಮ್ಮೆ ಮುಟ್ಟಿಕೊಂಡು ಒಳಗೆ ಹೋಗಿ ಅತ್ತರು. ಆಮೇಲೆ ಹೊರಬಂದು ಅಕ್ಕಪಕ್ಕದ ಮನೆಗಳಿಗೆ ಹೊರಟರು.

ಆಪರೇಷನ್ ಚೆನ್ನಾಗಿ ಆಯಿತು. ಈಗ ಭಾವ ಬಲಗೈಯನ್ನು ಕೊರಳಿಗೆ ಜೋಲಿ ಹಾಕಿಕೊಂಡು ಭಾನುವಾರ ಬಂಡೆಯ ಬುಡಕ್ಕೆ ಬರುತ್ತಾರೆ, ನನ್ನ ಕಲ್ಲಿನ ಮೇಲೆ ಕೂರುತ್ತಾರೆ. ಗಡಿಯಾರ ಅವರ ಬಳಿ, ಫ್ಲಾಸ್ಕೂ ಅವರ ಬಳಿ. ಕಳೆದ ವಾರ ಅವರ ಸೊಂಟದ ಪಟ್ಟಿ ಸುಮ್ಮನೆ ಬಿದ್ದಿದ್ದನ್ನು ನೋಡಿ ನನಗೇನು ತೋಚಿತೋ, ತೆಗೆದು ಬಿಗಿದುಕೊಂಡೆ. ಎಲ್ಲಕ್ಕಿಂತ ಸುಲಭದ ದಾರಿಯ ಕೆಳಗೆ ನಿಂತು, ಎಂಟು ವರ್ಷ ಬರೀ ನೋಡಿದ್ದ ಗಂಟನ್ನು ಮೊದಲ ಸಲ ನನ್ನ ಕೈಯಾರೆ ಕಟ್ಟಿದೆ. ಅಕ್ಕ ನೋಡಿ ಸರಿ ಎಂದಳು.

ಭಾವ ಕಲ್ಲಿನಿಂದ ಎದ್ದು ನಿಧಾನವಾಗಿ ನನ್ನ ಎದುರಿಗೆ ಬಂದು ನಿಂತರು.

"ಜಾಕೆಟ್ ಎತ್ತು" ಎಂದರು.